ಬದನೆ ಹೂವಿಗೆ ದುಂಬಿಯ ವೈಬ್ರೇಷನ್

ಬದನೆ ಹೂವು ಸುಲಭಕ್ಕೆ ಪರಾಗ ಬಿಟ್ಟುಕೊಡುವುದಿಲ್ಲ. ಪರಾಗಕೋಶದ ತುದಿಯಲ್ಲಿ ಸಣ್ಣದೊಂದು ತೂತು, ಅಷ್ಟೇ. ಗಾಳಿಗೆ ಒಂದಿಷ್ಟು ಉದುರೀತು. ಚೆನ್ನಾಗಿ ಉದುರಬೇಕೆಂದರೆ ಹೂವನ್ನು ಅದುರಿಸಬೇಕು. ಜೇನುನೊಣಕ್ಕೆ ಆ ವಿದ್ಯೆ ಬರುವುದಿಲ್ಲ. ಬರುವುದು ನೀಲಿಪಟ್ಟೆಯ ದುಂಬಿಗೆ, ಮರ ಕೊರೆಯುವ ಕರಿದುಂಬಿಗೆ. ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಅದರ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ನೂರಾರು ಬಾರಿ ಅದುರಿಸುತ್ತವೆ. ಮೆಕ್ಯಾನಿಕಲ್ ಓದುತ್ತಿರುವ ನನಗೆ ವೈಬ್ರೇಷನ್ ಪಾಠ ತಲೆಗೆ ಹತ್ತಿದ್ದೇ ಈ ದುಂಬಿಯಿಂದ!

ಇವುಗಳ ಮನೆ ಹೊಲದೊಳಗಿಲ್ಲ. ಕರಿದುಂಬಿಗೆ ಒಣಮರ, ಬಿದಿರು ಬೇಕು. ನೀಲಿಪಟ್ಟೆಯದಕ್ಕೆ ನೇಗಿಲು ತಾಗದ ಮಣ್ಣು. ಕಳೆದ ಬೇಸಿಗೆಯಲ್ಲಿ ನಮ್ಮೂರ ಹಳ್ಳದ ದಂಡೆಯ ಲಕ್ಕಿ, ಹೊಂಗೆ, ಕಾರೆ ಕಂಟಿಯನ್ನೆಲ್ಲ ಜೆಸಿಬಿ ಒಂದೇ ದಿನದಲ್ಲಿ ಬಳಿದು ಹಾಕಿತು. ದೊಡ್ಡಪ್ಪನಿಗೆ ಸಿಕ್ಕಿದ್ದು ಮೂರು ಸಾಲಿನಷ್ಟು ಜಾಗ. ಅವರನ್ನು ದೂರಲಾರೆ. ಒಂದೂವರೆ ಎಕರೆಯವರಿಗೆ ಮೂರು ಸಾಲೂ ದುಡ್ಡೇ. ನನ್ನ ಬಿಇ ಫೀಸು ಬರುವುದೂ ಅದೇ ಹೊಲದಿಂದ.

ಆದರೆ ಕಂಟಿಯ ಜೊತೆ ಹೋದದ್ದು ದುಂಬಿಯ ಗೂಡಷ್ಟೇ ಅಲ್ಲ. ಕಾಯಿಕೊರಕ ಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳಿವೆ. ಅವುಗಳ ಹೊಟ್ಟೆಗೆ ಮಕರಂದ ಬೇಕು, ಅದು ಇಂಥ ಕಾಡುಹೂಗಳಲ್ಲಿರುತ್ತದೆ. ಕಣಜ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಇನ್ನು ಅಂಗಡಿಯಿಂದ ಔಷಧಿ ತರಬೇಕು. ಆ ಔಷಧಿ ಅಳಿದುಳಿದ ದುಂಬಿಯನ್ನೂ ಬಿಡುವುದಿಲ್ಲ. ಮೂರು ಸಾಲಿನ ಲಾಭದಲ್ಲಿ ಈ ಖರ್ಚನ್ನು ಕಳೆದು ನೋಡಿದವರು ನಮ್ಮೂರಲ್ಲಿ ಯಾರೂ ಇಲ್ಲ.

ಪಡುವಣ ಬದುವಿನ ಕಂಟಿ ಇನ್ನೂ ಉಳಿದಿದೆ. ಅದನ್ನಾದರೂ ಬಿಡಿ ಎಂದು ದೊಡ್ಡಪ್ಪನಿಗೆ ಹೇಳಿದ್ದೇನೆ. "ನೋಡೋಣ ತಡಿ" ಎಂದಿದ್ದಾರೆ. ಸೆಮಿಸ್ಟರ್ ರಜೆಯಲ್ಲಿ ಅಲ್ಲೇ ನಾಲ್ಕು ಒಣಬಿದಿರಿನ ಗಳ ಕಟ್ಟುವುದಿದೆ.