ಗ್ಯಾಲರಿಯಲ್ಲೊಂದು ಆಲದ ಮರ

ಊರಿನ ಆಲದ ಕಟ್ಟೆಯನ್ನು ಬಿಟ್ಟು ಮುಂಬಯಿಗೆ ಬಂದ ನಮ್ಮಲ್ಲಿ ಅನೇಕರಿಗೆ ಇಲ್ಲಿ ದೊರೆತ ನೆಲವೆಂದರೆ ಗ್ಯಾಲರಿಯ ನಾಲ್ಕು ಚದರ ಅಡಿ. ತುಳಸಿಯ ಕುಂಡವಿಟ್ಟು ಉಳಿದ ಜಾಗದಲ್ಲಿ ಆಲದ ಮರವೊಂದನ್ನು ಬೆಳೆಸಬಹುದೆಂದರೆ ವಾಚಕರು ನಗಬಾರದು. ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಬೋನ್ಸಾಯ್ ಕಲೆಯ ಗುಟ್ಟೇ ಅದು. ತಟ್ಟೆಯಲ್ಲಿ ನೆಟ್ಟದ್ದು ಎಂದು ಆ ಮಾತಿನ ಅರ್ಥ.

ಬೀಜದಿಂದ ಹೊರಟರೆ ಹೆಬ್ಬೆರಳು ದಪ್ಪದ ಕಾಂಡವಾಗಲು ವರ್ಷಗಳು ಬೇಕು. ನಮ್ಮ ತೋಟಗಾರರು ದಾಳಿಂಬೆಗೆ, ಸೀಬೆಗೆ ಕಟ್ಟುವ ಗೂಟಿಯಿಂದ ಅದೇ ಕೆಲಸ ಒಂದೇ ಮಳೆಗಾಲದಲ್ಲಿ ಆಗುತ್ತದೆ. ಬೇರು ನೀರನ್ನು ಕಾಂಡದ ಒಳಮರದ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕ ಕೆಳಕ್ಕಿಳಿಯುತ್ತದೆ. ತೊಗಟೆಯನ್ನು ಬಳೆಯಂತೆ ತೆಗೆದರೆ ಕೊಂಬೆಗೆ ನೀರು ತಪ್ಪುವುದಿಲ್ಲ, ಆಹಾರ ಮಾತ್ರ ಗಾಯದ ಮೇಲ್ಗಡೆ ತಡೆದು ನಿಲ್ಲುತ್ತದೆ. ಅಲ್ಲಿ ತೇವವೂ ಕತ್ತಲೆಯೂ ಇದ್ದರೆ ಸುತ್ತಲೂ ಬೇರು ಒಡೆಯುತ್ತದೆ. ಬೋನ್ಸಾಯಿಗೆ ಶೋಭೆ ತರುವುದು ಹೀಗೆ ಸುತ್ತ ಹರಡಿದ ಬೇರೇ.

ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಕೆಲಸ ಆರಂಭಿಸಬೇಕು. ಆಲ, ಅರಳಿ, ಅತ್ತಿ, ದಾಳಿಂಬೆ ಇವು ಹೊಸಬರಿಗೆ ಅನುಕೂಲ. ಕುಂಡದ ದೊಡ್ಡ ಗಿಡದಲ್ಲಿ ಆರೋಗ್ಯವಾದ, ಡೊಂಕು ಚೆಲುವಾದ ಕೊಂಬೆಯನ್ನು ಆರಿಸಿ, ಹರಿತವಾದ ಚೂರಿಯಿಂದ ಒಂದರಿಂದ ಒಂದೂವರೆ ಅಂಗುಲ ಅಗಲದ ತೊಗಟೆಯನ್ನು ಬಳೆಯಾಗಿ ಬಿಡಿಸಿರಿ. ಆಲದ ಜಾತಿಯಲ್ಲಿ ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿರಿ. ಒಳಗಿನ ಲೋಳೆಯಾದ ಪೊರೆಯನ್ನು ಪೂರ್ತಿ ಕೆರೆಯದಿದ್ದರೆ ತೊಗಟೆ ಮತ್ತೆ ಕೂಡಿಕೊಂಡು ಶ್ರಮ ವ್ಯರ್ಥವಾಗುತ್ತದೆ. ನೆನೆಸಿ ಹಿಂಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಮುಷ್ಟಿಯಷ್ಟು ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಿರಿ. ಮೇಲೊಂದು ಕಪ್ಪು ಬಟ್ಟೆಯಿರಲಿ.

ನಾಲ್ಕರಿಂದ ಎಂಟು ವಾರಗಳಲ್ಲಿ ಬೇರು ಕಾಣಿಸುತ್ತದೆ. ಇಲ್ಲಿಯೇ ತಾಳ್ಮೆಯ ಪರೀಕ್ಷೆ. ನಾನು ಮೊದಲ ಸಲ ಎರಡು ಬಿಳಿಯ ಎಳೆಗಳನ್ನು ಕಂಡೊಡನೆ ಹಿಗ್ಗಿ ಕೊಂಬೆಯನ್ನು ಕತ್ತರಿಸಿದೆ. ವಾರ ಕಳೆಯುವುದರೊಳಗೆ ಎಲೆಗಳೆಲ್ಲ ಬಾಡಿ ಉದುರಿದವು. ಅಷ್ಟು ಎಲೆಗಳಿಗೆ ನೀರುಣಿಸುವ ಶಕ್ತಿ ಆ ಎರಡು ಎಳೆಗಳಿಗೆಲ್ಲಿಯದು? ಉಂಡೆಯ ತುಂಬ ಬೇರು ಹೆಣೆದು ಕಂದು ಬಣ್ಣಕ್ಕೆ ತಿರುಗುವ ತನಕ ತಾಯಿಯಿಂದ ಬೇರ್ಪಡಿಸಕೂಡದು.

ಅನಂತರ ಬೇರಿನ ಕೆಳಗೆ ಕತ್ತರಿಸಿ, ಮೂರರಲ್ಲೊಂದು ಪಾಲು ಎಲೆ ತೆಗೆದು, ಉಂಡೆಯನ್ನು ಬಿಡಿಸದೆ ನೀರು ಬಸಿಯುವ ಮಣ್ಣಿನಲ್ಲಿ ನೆಡಿರಿ. ಧಾರಾವಿಯ ಕುಂಭಾರವಾಡದಲ್ಲಿ ಮಣ್ಣಿನ ಕುಂಡಗಳು ಸಿಗುತ್ತವೆ; ತಳದಲ್ಲಿ ತೂತಿರಬೇಕು. ಎರಡು ಮೂರು ವಾರ ನೆರಳು, ಬಳಿಕ ಬೆಳಗಿನ ಬಿಸಿಲು. ಆಗಸ್ಟಿನಲ್ಲಿ ಬೇರ್ಪಡಿಸಿದರೆ ಅಕ್ಟೋಬರದ ಬಿಸಿಲಿಗೆ ಮುಂಚೆ ಗಿಡ ನೆಲೆಯೂರುತ್ತದೆ. ತಂತಿ ಸುತ್ತಿ ರೂಪ ಕೊಡುವುದು, ತಟ್ಟೆಗಿಳಿಸುವುದು ಮುಂದಿನ ವರ್ಷದ ಮಾತು.

ನಮ್ಮವರ ದೊಡ್ಡ ತೊಡಕು ಮೇ ತಿಂಗಳದು. ಮನೆಮಂದಿಯೆಲ್ಲ ಊರಿಗೆ ಹೊರಟರೆ ಸಣ್ಣ ಕುಂಡ ಒಂದೆರಡು ದಿನಗಳಲ್ಲೇ ಒಣಗುತ್ತದೆ. ಕುಂಡಗಳನ್ನು ಒದ್ದೆ ಮರಳು ತುಂಬಿದ ಬುಟ್ಟಿಯಲ್ಲಿ ಹೂತು ನೆರಳಿಗಿಟ್ಟರೆ ತುಸು ತಡೆದೀತು. ಆದರೂ ನೆರೆಮನೆಯವರ ಕೈಗೆ ಕೀಲಿಕೈಯನ್ನೂ ನೀರಿನ ತಂಬಿಗೆಯನ್ನೂ ಒಪ್ಪಿಸಿ ಹೋಗುವುದೇ ನಂಬತಕ್ಕ ಉಪಾಯ.

ಒಂದು ಎಚ್ಚರಿಕೆ. ರಸ್ತೆಬದಿಯ ಮರಕ್ಕೆ ಕೈ ಹಚ್ಚಬೇಡಿರಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಕಾಯಿದೆ ಮರಗಳಿಗೆ ರಕ್ಷಣೆ ಕೊಟ್ಟಿದೆ. ಸ್ವಂತ ಗಿಡ ಇಲ್ಲದಿದ್ದರೆ ಸ್ನೇಹಿತರ ಕುಂಡದಲ್ಲಿ ಅನುಮತಿ ಪಡೆದು ಗೂಟಿ ಕಟ್ಟಬಹುದು.

ಬೆಂಗಳೂರಿನ ಬಳಿ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆ ಹರಡಿದ ದೊಡ್ಡ ಆಲದ ಮರವಿದೆ. ಅದರ ಮೂಲ ಕಾಂಡ ರೋಗದಿಂದ ಅಳಿದುಹೋಗಿದೆ. ಕೊಂಬೆಗಳು ಮಾತ್ರ ತಾವೇ ಇಳಿಬಿಟ್ಟ ಬೇರುಗಳ ಮೇಲೆ ಇಂದಿಗೂ ಹಸಿರಾಗಿ ನಿಂತಿವೆ. ಮುಂದಿನ ರಜೆಯಲ್ಲಿ ಮಕ್ಕಳಿಗೆ ಅದನ್ನು ತೋರಿಸಿರಿ. ಮರಳಿ ಬಂದು ಮಳೆ ಹಿಡಿದಾಗ ಅವರ ಕೈಯಿಂದಲೇ ಒಂದು ಗೂಟಿ ಕಟ್ಟಿಸಿರಿ.