ಹೊರಗಿನವರ ಓದು: ಅನ್ಯಧರ್ಮಗಳ ಗ್ರಂಥಗಳನ್ನು ಅರಿಯುವ ಬಗೆ

ಒಂದು ಧರ್ಮದ ಪವಿತ್ರ ಗ್ರಂಥವನ್ನು ಆ ಧರ್ಮಕ್ಕೆ ಸೇರದವರು ಓದುವುದು ಹೊಸ ಸಂಗತಿಯಲ್ಲ. ವಿದ್ವತ್ತು, ಆಡಳಿತ, ಮತಪ್ರಸಾರ, ವಾದವಿವಾದ, ಬರಿಯ ಕುತೂಹಲ ಹೀಗೆ ನಾನಾ ಕಾರಣಗಳಿಂದ ಇಂತಹ ಓದು ಶತಮಾನಗಳಿಂದ ನಡೆದುಬಂದಿದೆ. ಮುದ್ರಣ ಮತ್ತು ಅನುವಾದಗಳು ಬೆಳೆದ ಮೇಲೆ ಯಾವ ಧರ್ಮದ ಗ್ರಂಥವಾದರೂ ಯಾರ ಕೈಗಾದರೂ ದೊರೆಯುವಂತಾಗಿದೆ. ಇದರ ಬೆನ್ನಿಗೇ ಒಂದು ರೂಢಿಯೂ ಬೆಳೆದಿದೆ. ನೆರೆಯವರ ಗ್ರಂಥದಿಂದ ಒಂದು ವಾಕ್ಯವನ್ನು ಎತ್ತಿಕೊಂಡು, ಅದನ್ನೇ ಅಳತೆಗೋಲಾಗಿಸಿ ನೆರೆಯವರ ಬಾಳನ್ನು ಅಳೆಯುವುದು ಆ ರೂಢಿ. ಹೊಗಳುವವರು ಹಿಡಿಯುವುದೂ ತೆಗಳುವವರು ಹಿಡಿಯುವುದೂ ಇದೇ ದಾರಿಯನ್ನು.

ಈ ಬಗೆಯ ಓದಿನ ದೋಷ ಎಲ್ಲಿದೆ? ಶ್ರದ್ಧೆಯಿಲ್ಲದವರಿಗೆ ಗ್ರಂಥ ಅರ್ಥವಾಗದು ಎಂಬುದು ಸಾಮಾನ್ಯ ಉತ್ತರ. ಮೂಲಭಾಷೆ ತಿಳಿಯದವರಿಗೆ ಅರ್ಥವಾಗದು ಎಂಬುದು ಇನ್ನೊಂದು ಉತ್ತರ. ಎರಡರಲ್ಲೂ ಸತ್ಯದ ಅಂಶವಿದ್ದರೂ ಅವು ಸಾಲವು. ಗ್ರಂಥವೆಂಬುದು ತನ್ನಷ್ಟಕ್ಕೆ ತಾನೇ ಪೂರ್ಣವಾದ ವಸ್ತು, ಅದನ್ನು ಓದಿದರೆ ಆ ಧರ್ಮವನ್ನು ಓದಿದಂತೆ ಎಂಬ ಗ್ರಹಿಕೆಯೇ ಮೂಲ ತೊಡಕು ಎಂಬುದು ಪ್ರಸ್ತುತ ಲೇಖನದ ನಿಲುವು. ಜಾನಪದ ಅಧ್ಯಯನದಲ್ಲಿ ಪಠ್ಯವನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ನೋಡಬಾರದೆಂಬ ತತ್ತ್ವವಿದೆ. ಈ ತತ್ತ್ವ ಲಿಖಿತ ಧರ್ಮಗ್ರಂಥಗಳಿಗೂ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕೆಲವು ಐತಿಹಾಸಿಕ ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

೧. ಕೇಳಿ ಓದಿದವನು: ಅಲ್ ಬಿರೂನಿ

ಮಧ್ಯ ಏಷ್ಯಾದ ಖ್ವಾರಿಜ್ಮ್ ಪ್ರದೇಶದಲ್ಲಿ ೯೭೩ರಲ್ಲಿ ಜನಿಸಿದ ಅಲ್ ಬಿರೂನಿ ಗಜನಿಯ ಮಹಮೂದನ ಕಾಲದಲ್ಲಿ ಭಾರತವನ್ನು ಅರಿಯಲು ತೊಡಗಿದನು. ಸಂಸ್ಕೃತವನ್ನು ಕಲಿತು, ಸಾಂಖ್ಯ ಮತ್ತು ಯೋಗಗಳಿಗೆ ಸಂಬಂಧಿಸಿದ ಕೃತಿಗಳನ್ನು ಅರಬ್ಬಿಗೆ ಅನುವಾದಿಸಿದನು. ಸುಮಾರು ೧೦೩೦ರಲ್ಲಿ ಭಾರತದ ಕುರಿತ ತನ್ನ ಬೃಹತ್ ಗ್ರಂಥವನ್ನು ಬರೆದನು. ತನ್ನದು ಖಂಡನೆಯ ಕೃತಿಯಲ್ಲ, ಹಿಂದೂಗಳು ಏನನ್ನು ಹೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ದಾಖಲಿಸುವ ಕೃತಿ ಎಂದು ಅವನು ಆರಂಭದಲ್ಲೇ ಸ್ಪಷ್ಟಪಡಿಸುತ್ತಾನೆ.

ನಮ್ಮ ವಿಷಯಕ್ಕೆ ಮುಖ್ಯವಾದವು ಅವನ ಎರಡು ಅವಲೋಕನಗಳು. ಯಾವುದೇ ಜನಸಮುದಾಯದಲ್ಲಿ ಪಂಡಿತರ ನಂಬಿಕೆ ಒಂದಾದರೆ ಸಾಮಾನ್ಯರ ನಂಬಿಕೆ ಮತ್ತೊಂದು ಎಂಬುದು ಮೊದಲನೆಯದು. ವಿಗ್ರಹಾರಾಧನೆಯನ್ನು ವಿವರಿಸುವಾಗ ಅವನು ಈ ಭೇದವನ್ನು ಮರೆಯುವುದಿಲ್ಲ. ಎರಡನೆಯದು ವೇದದ ಸ್ವರೂಪಕ್ಕೆ ಸಂಬಂಧಿಸಿದ್ದು. ವೇದವನ್ನು ಬಾಯಿಂದ ಬಾಯಿಗೆ ಕಲಿಸಲಾಗುತ್ತದೆ, ಬರೆದಿಡಲು ಸಮ್ಮತಿಯಿಲ್ಲ, ಅರ್ಥ ತಿಳಿಯದೆಯೂ ಅದನ್ನು ಪಠಿಸುವವರಿದ್ದಾರೆ ಎಂದು ಅವನು ಗುರುತಿಸಿದ್ದಾನೆ. ತನ್ನ ಕಾಲಕ್ಕೆ ಸಮೀಪದಲ್ಲಿ ಕಾಶ್ಮೀರದ ವಸುಕ್ರನೆಂಬ ಬ್ರಾಹ್ಮಣ ವೇದ ಮರೆತುಹೋದೀತೆಂಬ ಭಯದಿಂದ ಅದನ್ನು ಬರಹಕ್ಕಿಳಿಸಿದ ಸಂಗತಿಯನ್ನೂ ತಿಳಿಸುತ್ತಾನೆ. ಗ್ರಂಥದಲ್ಲಿ ಏನಿದೆ ಎಂದು ಕೇಳುವುದರ ಜೊತೆಗೆ, ಆ ಜನರ ನಡುವೆ ಗ್ರಂಥ ಯಾವ ರೂಪದಲ್ಲಿದೆ ಎಂಬುದನ್ನೂ ಈ ಹೊರಗಿನವನು ಕೇಳಿದ್ದನು. ಇಂದಿನ ಕ್ಷೇತ್ರಕಾರ್ಯದ ಪರಿಭಾಷೆ ಆಗ ಇರಲಿಲ್ಲ. ಆದರೆ ಅದರ ಎಚ್ಚರ ಅವನಲ್ಲಿತ್ತು.

೨. ಹುಡುಕಿದ್ದನ್ನು ಕಂಡವರು: ದಾರಾ ಶುಕೋ ಮತ್ತು ರಾಮಮೋಹನ ರಾಯ್

ಷಹಜಹಾನನ ಹಿರಿಯ ಮಗ ದಾರಾ ಶುಕೋ ಕಾಶಿಯ ಪಂಡಿತರ ನೆರವಿನಿಂದ ಸುಮಾರು ೫೦ ಉಪನಿಷತ್ತುಗಳನ್ನು ೧೬೫೭ರಲ್ಲಿ ಪಾರಸಿ ಭಾಷೆಗೆ ತಂದನು. 'ಸಿರ್ರ್-ಇ-ಅಕ್ಬರ್' ಎಂಬುದು ಅದರ ಹೆಸರು. ಕುರ್‌ಆನಿನಲ್ಲಿ ಉಲ್ಲೇಖಗೊಂಡಿರುವ ಮರೆಯಾದ ಗ್ರಂಥ ಈ ಉಪನಿಷತ್ತುಗಳೇ ಎಂದು ಅವನು ನಂಬಿದ್ದನು. ಏಕದೇವತತ್ತ್ವವನ್ನು ಅರಸಿ ಹೊರಟ ಅವನಿಗೆ ಉಪನಿಷತ್ತುಗಳಲ್ಲಿ ಅದು ದೊರೆಯಿತು. ೧೬೫೯ರಲ್ಲಿ ಅಧಿಕಾರದ ಕಲಹದಲ್ಲಿ ಅವನ ಕೊಲೆಯಾಯಿತು. ಆದರೆ ಅನುವಾದ ಉಳಿಯಿತು. ಫ್ರೆಂಚ್ ವಿದ್ವಾಂಸ ಆಂಕ್ವೆಟಿಲ್ ದ್ಯುಪರೋನ್ ಈ ಪಾರಸಿ ಪಾಠವನ್ನು ಲ್ಯಾಟಿನ್ನಿಗೆ ತಿರುಗಿಸಿ ೧೮೦೧–೦೨ರಲ್ಲಿ ಪ್ರಕಟಿಸಿದನು. ಜರ್ಮನ್ ದಾರ್ಶನಿಕ ಷೋಪೆನ್‌ಹೋವರ್ ಉಪನಿಷತ್ತುಗಳನ್ನು ಮೆಚ್ಚಿದ್ದು ಈ ಲ್ಯಾಟಿನ್ ಪಾಠದ ಮೂಲಕ. ಸಂಸ್ಕೃತದಿಂದ ಪಾರಸಿಗೆ, ಪಾರಸಿಯಿಂದ ಲ್ಯಾಟಿನ್ನಿಗೆ ಹೀಗೆ ಎರಡು ಹೊರಗಿನ ಕೈಗಳನ್ನು ದಾಟಿಬಂದ ಪಠ್ಯವೊಂದು ಯುರೋಪಿನ ಚಿಂತನೆಯನ್ನು ತಟ್ಟಿತು. ಹೊರಗಿನವರ ಓದು ಫಲವಿಲ್ಲದ್ದೆಂದು ಹೇಳುವವರು ಈ ಪಯಣವನ್ನು ನೆನೆಯಬೇಕು.

ರಾಮಮೋಹನ ರಾಯ್ ಅವರ ನಿದರ್ಶನ ಎದುರು ದಿಕ್ಕಿನದು. ಕ್ರೈಸ್ತ ಗ್ರಂಥವನ್ನು ಅರಿಯಲು ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ೧೮೨೦ರಲ್ಲಿ ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಗಳನ್ನು ಆಯ್ದು, ಪವಾಡ ಪ್ರಸಂಗಗಳನ್ನು ಬಿಟ್ಟು, ಒಂದು ಸಂಕಲನವನ್ನು ಪ್ರಕಟಿಸಿದರು. ಯೇಸುವನ್ನು ಗೌರವಿಸಿದ ಈ ಕೃತಿಯನ್ನು ಶ್ರೀರಾಮಪುರದ ಮಿಷನರಿ ಜೋಷುವಾ ಮಾರ್ಷ್‌ಮನ್ ತೀವ್ರವಾಗಿ ವಿರೋಧಿಸಿದರು. ವಿಮೋಚಕನನ್ನು ಬಿಟ್ಟು ಬೋಧಕನನ್ನು ಮಾತ್ರ ಉಳಿಸಿಕೊಳ್ಳುವುದು ಮಿಷನರಿಗಳ ದೃಷ್ಟಿಯಲ್ಲಿ ಗ್ರಂಥದ ಪ್ರಾಣವನ್ನೇ ತೆಗೆದಂತೆ. ನೀತಿಯೇ ಗ್ರಂಥದ ಸಾರವೆಂಬುದು ರಾಯ್ ಅವರ ದೃಷ್ಟಿ.

ಈ ಇಬ್ಬರೂ ಸದ್ಭಾವದಿಂದ ಓದಿದವರು, ಶ್ರಮವಹಿಸಿ ಭಾಷೆ ಕಲಿತವರು ಅಥವಾ ಬಲ್ಲವರ ನೆರವು ಪಡೆದವರು. ಆದರೂ ತಾವು ತಂದ ಪ್ರಶ್ನೆಗೆ ತಕ್ಕ ಉತ್ತರವನ್ನೇ ಅವರು ಗ್ರಂಥದಲ್ಲಿ ಕಂಡರು. ಸದ್ಭಾವವೂ ಭಾಷಾಜ್ಞಾನವೂ ಇದ್ದ ಮಾತ್ರಕ್ಕೆ ಹೊರಗಿನವರ ಓದಿನ ಮಿತಿ ನೀಗದೆಂಬುದಕ್ಕೆ ಇದು ಸಾಕ್ಷಿ.

೩. ಮುದ್ರಣ ಮತ್ತು ಆಯ್ಕೆ

ಮ್ಯಾಕ್ಸ್ ಮುಲ್ಲರ್ ಸಂಪಾದಕತ್ವದಲ್ಲಿ ಆರಂಭವಾದ 'ಪೂರ್ವದ ಪವಿತ್ರ ಗ್ರಂಥಗಳು' ಮಾಲೆ ೧೮೭೯ರಿಂದ ೧೯೧೦ರವರೆಗೆ ೫೦ ಸಂಪುಟಗಳಲ್ಲಿ ಹೊರಬಂದಿತು. ಹಿಂದೂ, ಬೌದ್ಧ, ಜೈನ, ಪಾರ್ಸಿ, ಇಸ್ಲಾಂ ಹಾಗೂ ಚೀನಾದ ಗ್ರಂಥಗಳು ಇದರಲ್ಲಿ ಸೇರಿದವು. ಬೈಬಲ್ ಮಾತ್ರ ಸೇರಲಿಲ್ಲ. ಓದುವವರದು ಒಂದು ಗ್ರಂಥ, ಓದಿಸಿಕೊಳ್ಳುವವರವು ಉಳಿದ ಗ್ರಂಥಗಳು ಎಂಬ ವಿಭಜನೆ ಇದರಿಂದ ಸಹಜವೆಂಬಂತೆ ನೆಲೆಗೊಂಡಿತು. ಪ್ರತಿಯೊಂದು ಧರ್ಮಕ್ಕೂ ಬೈಬಲ್ಲಿನಂತಹ ಒಂದು ಗ್ರಂಥ ಇರಲೇಬೇಕೆಂಬ ನಿರೀಕ್ಷೆಗೂ ಇಂತಹ ಮಾಲೆಗಳು ಬಲ ತುಂಬಿದವು.

ಕನ್ನಡ ನಾಡಿನಲ್ಲಿ ಈ ಪ್ರಕ್ರಿಯೆಯನ್ನು ಬಾಸೆಲ್ ಮಿಷನ್ನಿನ ಕೆಲಸದಲ್ಲಿ ಕಾಣಬಹುದು. ೧೮೩೪ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯ ಹರ್ಮನ್ ಮೊಗ್ಲಿಂಗ್ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ೧೮೪೮ರಿಂದ ೧೮೫೩ರವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದರು. ಅಂದಿನ ಮಿಷನರಿಗಳು ವೀರಶೈವ ಧರ್ಮವನ್ನು ಬಹುಮಟ್ಟಿಗೆ ಪುರಾಣಗಳ ಮೂಲಕ ಓದಿಕೊಂಡರು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ೧೯೨೩ರಲ್ಲಿ ಪ್ರಕಟವಾದ ಅನಂತರ ಅದೇ ಧರ್ಮ ಹೊರಗಿನ ಓದುಗರಿಗೆ ವಚನಗಳ ಧರ್ಮವಾಗಿ ಕಾಣತೊಡಗಿತು. ಕೈಗೆ ಬಂದ ಪುಸ್ತಕ ಬದಲಾದಂತೆ ಹೊರಗಿನವರು ಕಂಡ ಧರ್ಮದ ಚಿತ್ರವೂ ಬದಲಾಯಿತು.

ಇದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರಲ್ಲಿ ಓದುಗ ಮತ್ತು ಕೇಳುಗ ಇಬ್ಬರೂ ಇದ್ದರು. ಮತಪ್ರಸಾರದ ಉದ್ದೇಶದಿಂದ ಬಂದ ಅವರು ೧೮೬೨ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತೆಯನ್ನು ಕನ್ನಡ ಪದ್ಯದಲ್ಲಿ ಹಾಡಿದರು. ಮುಂದೆ ೧೮೯೪ರ ನಿಘಂಟಿನಲ್ಲಿ ಕಾವ್ಯಪ್ರಯೋಗಗಳ ಜೊತೆಗೆ ಆಡುಮಾತು ಮತ್ತು ಗಾದೆಗಳಿಗೂ ಸ್ಥಾನ ಕೊಟ್ಟರು. ಗ್ರಂಥಗಳಿಂದ ಮಾತ್ರ ಜನರನ್ನು ಅರಿಯಲಾಗದೆಂಬ ವಿವೇಕ ಈ ಕೆಲಸದಲ್ಲಿದೆ.

೪. ಗ್ರಂಥದ ಬಾಳು

ಗ್ರಂಥವೊಂದು ಅದನ್ನು ನಂಬಿದವರ ನಡುವೆ ಹೇಗೆ ಬಾಳುತ್ತದೆ ಎಂಬುದಕ್ಕೆ ಮೂರು ನಿದರ್ಶನಗಳನ್ನು ಗಮನಿಸಬಹುದು.

ಕುರ್‌ಆನ್ ಎಂಬ ಪದದ ಅರ್ಥವೇ ಪಠಣ. ಅದರ ೧೧೪ ಅಧ್ಯಾಯಗಳು ಕಾಲಾನುಕ್ರಮದಲ್ಲಿಲ್ಲ. ಮೊದಲ ಪುಟ್ಟ ಅಧ್ಯಾಯದ ಅನಂತರ ದೊಡ್ಡವು ಮುಂದೆ, ಚಿಕ್ಕವು ಕೊನೆಗೆ ಎಂಬುದು ಸ್ಥೂಲವಾದ ಕ್ರಮ. ಹೊರಗಿನ ಓದುಗ ಅದನ್ನು ಕಥೆಯಂತೆ ಮೊದಲಿನಿಂದ ಓದಹೊರಟು ಎರಡನೆಯ ದೀರ್ಘ ಅಧ್ಯಾಯದಲ್ಲೇ ದಾರಿ ತಪ್ಪುತ್ತಾನೆ. ಮದರಸಾದಲ್ಲಿ ಕಲಿಯುವ ಮಗು ಸಾಮಾನ್ಯವಾಗಿ ಕೊನೆಯ, ಎಂದರೆ ೩೦ನೆಯ ಭಾಗದ ಪುಟ್ಟ ಅಧ್ಯಾಯಗಳಿಂದ ಬಾಯಿಪಾಠ ಆರಂಭಿಸುತ್ತದೆ. ಮೊದಲ ಅಧ್ಯಾಯ 'ಫಾತಿಹಾ' ದಿನದ ಐದು ಕಡ್ಡಾಯ ನಮಾಜುಗಳಲ್ಲಿ ಒಟ್ಟು ೧೭ ಬಾರಿ ಬರುತ್ತದೆ. ಒಬ್ಬ ವಿಶ್ವಾಸಿಗೆ ಆ ಏಳು ವಾಕ್ಯಗಳಿಗೂ, ವರ್ಷಕ್ಕೊಮ್ಮೆ ರಮಜಾನಿನಲ್ಲಿ ಕಿವಿಗೆ ಬೀಳುವ ಬೇರೊಂದು ವಾಕ್ಯಕ್ಕೂ ಇರುವ ತೂಕ ಒಂದೇ ಆಗಲಾರದು. ಅಚ್ಚಿನ ಪುಟ ಮಾತ್ರ ಎಲ್ಲ ವಾಕ್ಯಗಳನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ತೋರಿಸುತ್ತದೆ.

ಸಿಖ್ಖರ ಗುರು ಗ್ರಂಥ ಸಾಹಿಬ್ ೧೪೩೦ ಪುಟಗಳದ್ದು. ಅದರ ಬಹುಭಾಗ ರಾಗಗಳ ಪ್ರಕಾರ ವಿಂಗಡಣೆಗೊಂಡಿದೆ. ಸಿಖ್ ಗುರುಗಳ ವಾಣಿಯೊಡನೆ ಕಬೀರ, ನಾಮದೇವ, ರವಿದಾಸ, ಷೇಕ್ ಫರೀದರ ರಚನೆಗಳೂ ಅದರಲ್ಲಿವೆ. ವಿಷಯಾನುಕ್ರಮವನ್ನು ಹುಡುಕುವ ಓದುಗನಿಗೆ ಅದು ಪುನರುಕ್ತಿಯಂತೆ ಕಾಣಬಹುದು. ಕೀರ್ತನೆಯಾಗಿ ಕೇಳುವವರಿಗೆ ರಾಗವೇ ಅದರ ವ್ಯವಸ್ಥೆ. ೧೭೦೮ರಿಂದ ಆ ಗ್ರಂಥಕ್ಕೆ ಗುರುವಿನ ಸ್ಥಾನವಿದೆ. ಅಲ್ಲಿ ಪುಸ್ತಕವನ್ನು ಓದುವುದು ಗುರುವಿನ ಸನ್ನಿಧಿಯಲ್ಲಿ ಕೂರುವುದಕ್ಕೆ ಸಮ.

ಮೂರನೆಯದು ನಮ್ಮ ಮೂಡಬಿದಿರೆಯದು. ದಿಗಂಬರ ಜೈನರ ಆಗಮವಾದ ಷಟ್‌ಖಂಡಾಗಮ ಮತ್ತು ಅದರ ಧವಲಾ ವ್ಯಾಖ್ಯಾನದ ತಾಳೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿ ಉಳಿದುಬಂದವು. ದೀರ್ಘಕಾಲ ಯಾತ್ರಿಕರು ಅವುಗಳ ದರ್ಶನ ಪಡೆಯುತ್ತಿದ್ದರೇ ವಿನಾ ಓದುತ್ತಿರಲಿಲ್ಲ. ಪ್ರತಿ ಮಾಡುವ ಕಾರ್ಯ ನಡೆದ ಅನಂತರ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು ೧೯೩೯ರಲ್ಲಿ. ಹಾಗಾದರೆ ಅದಕ್ಕೂ ಹಿಂದಿನ ಶತಮಾನಗಳಲ್ಲಿ ಆ ಗ್ರಂಥ ನಿರ್ಜೀವವಾಗಿತ್ತೇ? ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯಾಗಿ ಶಾಸ್ತ್ರಪೂಜೆ ಸಲ್ಲಿಸುವ ಸಮುದಾಯ ಹಾಗೆ ಭಾವಿಸದು. ಓದದ ಗ್ರಂಥವೂ ಧರ್ಮದ ಕೇಂದ್ರದಲ್ಲಿರಬಲ್ಲದು.

೫. ಗ್ರಂಥದಲ್ಲಿಲ್ಲದ ಧರ್ಮ

ಇನ್ನೂ ಒಂದು ಹೆಜ್ಜೆ ಮುಂದಿಟ್ಟರೆ, ಜನರು ಆಚರಿಸುವ ಧರ್ಮದ ಬಹುಭಾಗ ಅವರ ಗ್ರಂಥದಲ್ಲಿ ಇರುವುದೇ ಇಲ್ಲ. ಉತ್ತರ ಕರ್ನಾಟಕದ ಮೊಹರಂ ಇದಕ್ಕೆ ಉತ್ತಮ ನಿದರ್ಶನ. ಮೊಹರಮ್ಮಿನ ಮೂಲದಲ್ಲಿರುವ ಕರ್ಬಲಾದ ದುರಂತ ನಡೆದದ್ದು ೬೮೦ರಲ್ಲಿ. ಪ್ರವಾದಿ ಮುಹಮ್ಮದರು ನಿಧನರಾದದ್ದು ೬೩೨ರಲ್ಲಿ. ಆದ್ದರಿಂದ ಕುರ್‌ಆನಿನಲ್ಲಿ ಕರ್ಬಲಾದ ಕಥೆಯನ್ನು ಹುಡುಕಿದರೆ ಸಿಗುವುದಿಲ್ಲ. ಅದು ಸಿಗುವುದು ಅಲಾವಿ ದೇವರ ಮುಂದೆ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಲ್ಲಿ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಶಿಶುನಾಳ ಶರೀಫರು ರಿವಾಯತ್ ಪದಗಳನ್ನು ರಚಿಸಿದವರು. ಅನ್ಯಧರ್ಮದ ಕಥೆಯನ್ನು ಹೊರಗಿನವರು ಪುಸ್ತಕದ ಹಂಗಿಲ್ಲದೆ, ಕಿವಿಯಿಂದ ಪಡೆದು ಕೊರಳಿನಿಂದ ಉಳಿಸಿಕೊಂಡಿರುವ ಕ್ರಮ ಇದು. ಹಾಡುಗಾರನಿಗೆ ಹುಸೇನರ ನೋವು ಪರಕೀಯವಾಗಿ ಉಳಿದಿಲ್ಲ.

ತುಳುನಾಡಿನ ಪಾಡ್ದನಗಳು ಮತ್ತೊಂದು ಬಗೆಯ ಪಾಠ ಹೇಳುತ್ತವೆ. ಬಾಸೆಲ್ ಮಿಷನ್ನಿನ ಎ. ಮ್ಯಾನರ್ ೧೮೮೬ರಲ್ಲಿ ಪಾಡ್ದನಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಆ ಸಂಗ್ರಹದ ಮಹತ್ತ್ವ ನಿರ್ವಿವಾದ. ಆದರೆ ಭೂತಾರಾಧನೆಗೆ ಅದು ಧರ್ಮಗ್ರಂಥವಾಗಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. ಕೋಲದಲ್ಲಿ ಹೇಳುವ ಪಾಡ್ದನ ಒಂದಾದರೆ, ನಾಟಿಯ ಗದ್ದೆಯಲ್ಲಿ ಹೆಂಗಸರು ಹಾಡುವುದು ಇನ್ನೊಂದು. ಊರಿನಿಂದ ಊರಿಗೆ, ಹಾಡುಗಾರರಿಂದ ಹಾಡುಗಾರರಿಗೆ ಪಾಠಭೇದಗಳಿವೆ. ಮಂಟೇಸ್ವಾಮಿಯನ್ನು ಹಾಡುವ ನೀಲಗಾರರಿಗೂ ಮಾದಪ್ಪನನ್ನು ಹಾಡುವ ಕಂಸಾಳೆಯ ದೇವರಗುಡ್ಡರಿಗೂ ಈ ಮಾತು ಸಲ್ಲುತ್ತದೆ. ನಿಮ್ಮ ಧರ್ಮಗ್ರಂಥ ಯಾವುದು ಎಂಬ ಪ್ರಶ್ನೆ ಇಂತಹ ಸಮುದಾಯಗಳ ಮುಂದೆ ಅಪ್ರಸ್ತುತವಾಗುತ್ತದೆ. ಗ್ರಂಥವಿಲ್ಲವೆಂಬ ಉತ್ತರವನ್ನು ಧರ್ಮವೇ ಇಲ್ಲವೆಂಬ ತೀರ್ಮಾನಕ್ಕೆ ಆಧಾರವಾಗಿಸಿದರೆ ಆ ಜನರಿಗೆ ಅನ್ಯಾಯವಾಗುತ್ತದೆ.

೬. ಓದಿನ ಶಿಸ್ತು

ಮೇಲಿನ ಚರ್ಚೆಯಿಂದ ಹೊರಗಿನವರು ಅನ್ಯರ ಗ್ರಂಥವನ್ನು ಓದಬಾರದೆಂಬ ನಿಲುವು ಹೊರಡುವುದಿಲ್ಲ. ಒಳಗಿನವರಿಗೆ ರೂಢಿಯ ಬಲದಿಂದ ಕಾಣದೆ ಹೋದದ್ದು ಹೊರಗಿನವರಿಗೆ ಕಾಣುವುದುಂಟು. ಪಾಠಗಳನ್ನು ಹೋಲಿಸುವ, ಕಾಲನಿರ್ಣಯ ಮಾಡುವ, ಅಹಿತಕರ ಪ್ರಶ್ನೆಗಳನ್ನು ಕೇಳುವ ಸ್ವಾತಂತ್ರ್ಯ ಅವರಿಗಿದೆ. ಗ್ರಂಥದ ಹೆಸರಿನಲ್ಲಿ ಯಾರ ಮೇಲಾದರೂ ದಬ್ಬಾಳಿಕೆ ನಡೆದಾಗ ಆ ಗ್ರಂಥವನ್ನು ಪ್ರಶ್ನಿಸುವ ಹಕ್ಕು ಒಳಗಿನವರಿಗೂ ಹೊರಗಿನವರಿಗೂ ಸಮಾನವಾದದ್ದು. ಆದರೆ ಆ ಪ್ರಶ್ನೆಗೆ ಬೆಲೆ ಬರಬೇಕಾದರೆ ಓದಿಗೆ ಒಂದು ಶಿಸ್ತು ಬೇಕು.

ವಾಕ್ಯವೊಂದನ್ನು ಎತ್ತಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಉಚಿತ. ಈ ವಾಕ್ಯವನ್ನು ಆ ಸಮುದಾಯದವರು ಎಲ್ಲಿ, ಯಾವ ಸಂದರ್ಭದಲ್ಲಿ ಹೇಳುತ್ತಾರೆ ಅಥವಾ ಕೇಳುತ್ತಾರೆ? ಅದನ್ನು ಅರ್ಥೈಸುವ ಅಧಿಕಾರ ಅವರಲ್ಲಿ ಯಾರಿಗಿದೆ, ಅವರಲ್ಲೇ ಎಷ್ಟು ಭಿನ್ನಾಭಿಪ್ರಾಯಗಳಿವೆ? ಅವರ ದೈನಂದಿನ ನಡೆಯಲ್ಲಿ ಅದಕ್ಕೆ ಇರುವ ತೂಕವೆಷ್ಟು? ನನ್ನ ಧರ್ಮದ ಗ್ರಂಥವನ್ನು ಅಪರಿಚಿತರು ಇದೇ ರೀತಿ ಓದಿದರೆ ಆ ಓದನ್ನು ನಾನು ನ್ಯಾಯವೆಂದು ಒಪ್ಪುವೆನೇ? ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ದೊರೆಯದು. ಅದಕ್ಕಾಗಿ ಆ ಜನರ ಬಳಿಗೇ ಹೋಗಬೇಕು. ನಾಲ್ಕನೆಯದಕ್ಕೆ ಓದುಗರು ತಮ್ಮನ್ನೇ ಕೇಳಿಕೊಳ್ಳಬೇಕು.

ಅನುವಾದಗಳು ಸುಲಭವಾಗಿ ದೊರೆಯುವ ಈ ಕಾಲದಲ್ಲಿ ನೆರೆಯವರ ಗ್ರಂಥ ನಮ್ಮ ಮನೆಗೆ ಬಂದಿದೆ. ಆದರೆ ನೆರೆಮನೆಗೆ ಹೋಗಿ ಮಾತನಾಡುವ ರೂಢಿ ಕಡಿಮೆಯಾಗುತ್ತಿದೆ. ಪುಸ್ತಕದ ಪರಿಚಯವನ್ನೇ ಮನುಷ್ಯರ ಪರಿಚಯವೆಂದು ಭ್ರಮಿಸುವ ಅಪಾಯ ಹುಟ್ಟುವುದು ಇಲ್ಲಿಂದ. ಅಲ್ ಬಿರೂನಿಗೆ ಗ್ರಂಥಗಳು ದುರ್ಲಭವಾಗಿದ್ದವು, ಆದ್ದರಿಂದ ಅವನು ಬಲ್ಲವರನ್ನು ಹುಡುಕಿ ಕೇಳಬೇಕಾಯಿತು. ಗ್ರಂಥಗಳು ಸುಲಭವಾಗಿರುವ ನಮಗೆ ಕೇಳುವುದು ಅನಿವಾರ್ಯವಲ್ಲ, ಹಾಗಾಗಿಯೇ ಅದು ನಮ್ಮ ಕರ್ತವ್ಯವಾಗಿದೆ.