ಹಳೆಯ ಪೋರ್ಷೆಗೆ ಹೊಸ ಧ್ವನಿ: ತಂತಿ ಕತ್ತರಿಸುವ ಮುನ್ನ...

ಎರಡು ದಶಕಗಳ ಹಿಂದೆ ಸಿರಿವಂತರ ಸೊತ್ತಾಗಿದ್ದ ಐಷಾರಾಮಿ ಕನ್ವರ್ಟಿಬಲ್ ಕಾರುಗಳು ಈಗ ಯುರೋಪ್ ಹಾಗೂ ಅಮೆರಿಕದ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಸಾಮಾನ್ಯ ನೌಕರರ ಕೈಗೂ ಎಟಕುತ್ತಿವೆ. ಜರ್ಮನಿಯ ಪೋರ್ಷೆ ಕಂಪನಿ 1996ರಲ್ಲಿ ಹೊರತಂದ ಬಾಕ್ಸ್‌ಸ್ಟರ್ (986) ಮತ್ತು 1998ರಲ್ಲಿ ರಸ್ತೆಗಿಳಿಸಿದ 911 ಕ್ಯಾಬ್ರಿಯೊಲೆ (996) ಇಂತಹ ಕಾರುಗಳ ಪೈಕಿ ಪ್ರಮುಖವಾದವು. ಇವುಗಳ ಎಂಜಿನ್ ನೋಡಿಕೊಳ್ಳಬಲ್ಲ ಮೆಕ್ಯಾನಿಕ್‌ಗಳು ಇಂದಿಗೂ ಸಿಗುತ್ತಾರೆ. ಆದರೆ ಮೊದಲು ಮುಪ್ಪು ಕಾಣಿಸಿಕೊಳ್ಳುವುದು ಡ್ಯಾಶ್‌ಬೋರ್ಡಿನಲ್ಲಿ. ನಕ್ಷೆ ಓದಲು ಸಿ.ಡಿ. ಬೇಡುವ ನ್ಯಾವಿಗೇಷನ್, ಮೊಬೈಲ್ ಫೋನಿನ ಪರಿಚಯವೇ ಇಲ್ಲದ ಸ್ಟೀರಿಯೊ, ಬಿಸಿಲಿಗೆ ಬಿರುಕು ಬಿಟ್ಟ ಚರ್ಮದ ಹೊದಿಕೆ ಮಾಲೀಕರ ಉತ್ಸಾಹವನ್ನು ಕುಗ್ಗಿಸುತ್ತವೆ.

ಹೊಸ ಸ್ಟೀರಿಯೊ ತಂದು ಕೂರಿಸಿದರೆ ಕೆಲಸ ಮುಗಿಯಿತು ಎಂಬುದು ಸಾಮಾನ್ಯ ಭಾವನೆ. ಸಾಧಾರಣ ಕಾರಿನ ಮಟ್ಟಿಗೆ ಇದು ಬಹುಪಾಲು ನಿಜ. ಮಡಚುವ ಟಾಪ್ ಉಳ್ಳ ದುಬಾರಿ ಕಾರಿನಲ್ಲಿ ಮಾತ್ರ ಪರಿಶೀಲನೆ ಆರಂಭವಾಗಬೇಕಾದದ್ದು ಸ್ಟೀರಿಯೊದಿಂದಲ್ಲ, ಸೀಟಿನ ಕೆಳಗಿನ ಕಾರ್ಪೆಟ್‌ನಿಂದ.

ಸೀಟಿನ ಕೆಳಗಿನ ಅಪಾಯ

ಟಾಪ್‌ನ ಮೇಲೆ ಬಿದ್ದ ಮಳೆನೀರು ಸಣ್ಣ ಕೊಳವೆಗಳ ಮೂಲಕ ಕೆಳಗೆ ಹರಿದುಹೋಗುವಂತೆ ವ್ಯವಸ್ಥೆ ಇರುತ್ತದೆ. ಒಣಗಿದ ಎಲೆ, ಧೂಳು ಸೇರಿ ಈ ಕೊಳವೆಗಳು ಕಟ್ಟಿಕೊಂಡರೆ ನೀರು ಒಳಗೆ ನುಗ್ಗಿ ಕಾರ್ಪೆಟ್‌ನ ಅಡಿಯಲ್ಲಿ ನಿಲ್ಲುತ್ತದೆ. ಬಾಕ್ಸ್‌ಸ್ಟರ್‌ನಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರ್‌ನ ನಿಯಂತ್ರಣ ಪೆಟ್ಟಿಗೆ ಇರುವುದು ಅಲ್ಲಿಯೇ, ಎಡಗಡೆಯ ಸೀಟಿನ ಕೆಳಗೆ. ಅದು ನೆನೆದರೆ ಕೀಲಿ ಕೈಯಲ್ಲಿದ್ದರೂ ಎಂಜಿನ್ ಚಾಲೂ ಆಗದು. ಇದನ್ನರಿಯದೆ ಅದೇ ಜಾಗದಲ್ಲಿ ಹೊಸ ಆಂಪ್ಲಿಫೈಯರ್ ಬಚ್ಚಿಡುವುದು ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ. ಕೊಳವೆ ಶುಚಿಗೊಳಿಸಲು ತಗಲುವ ಖರ್ಚು ಅತ್ಯಲ್ಪ. ಆದರೂ ಹಲವರು ಇದನ್ನು ಕೊನೆಗೆ ಮಾಡುತ್ತಾರೆ.

ವಿದ್ಯುತ್ತಿನ ವಿಷಯದಲ್ಲಿಯೂ ಇಷ್ಟೇ ಎಚ್ಚರ ಅಗತ್ಯ. ಹೊಸ ಉಪಕರಣಕ್ಕೆ ಸದಾ ವಿದ್ಯುತ್ ಹರಿಯುವ ತಂತಿಯಿಂದ ಸಂಪರ್ಕ ಕೊಟ್ಟರೆ, ವಾರಾಂತ್ಯದಲ್ಲಷ್ಟೇ ಹೊರಬರುವ ಕಾರಿನ ಬ್ಯಾಟರಿ ನಿಂತಲ್ಲೇ ಬರಿದಾಗುತ್ತದೆ. ಈ ಪೋರ್ಷೆಗಳಲ್ಲಿ ಬ್ಯಾಟರಿ ಇರುವುದು ಮುಂಭಾಗದ ಬೂಟಿನೊಳಗೆ. ನಂತರದ ವರ್ಷಗಳ ಕಾರುಗಳಲ್ಲಿ ಆ ಬೂಟಿನ ಬಾಗಿಲು ತೆರೆಯುವುದಕ್ಕೂ ಬ್ಯಾಟರಿಯೇ ಬೇಕು!

ಬೆಳಕಿನಲ್ಲಿ ಹರಿಯುವ ಸಂಗೀತ

ಎರಡನೆಯ ತೊಡಕು ಕಣ್ಣಿಗೆ ಬೀಳುವಂಥದ್ದಲ್ಲ. 2000ದ ದಶಕದ ಆರಂಭದಿಂದ ಐರೋಪ್ಯ ಐಷಾರಾಮಿ ಕಾರುಗಳು ‘ಮೋಸ್ಟ್’ ಎಂಬ ಜಾಲವನ್ನು ಅಳವಡಿಸಿಕೊಂಡವು. ಇದರಲ್ಲಿ ಧ್ವನಿಯ ಸಂಕೇತ ತಾಮ್ರದ ತಂತಿಯ ಬದಲು ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕಾಗಿ ಸಾಗುತ್ತದೆ. ಸ್ಟೀರಿಯೊ, ಸಿ.ಡಿ. ಚೇಂಜರ್, ಆಂಪ್ಲಿಫೈಯರ್ ಎಲ್ಲವೂ ಒಂದೇ ಉಂಗುರದ ಕೊಂಡಿಗಳು. ಒಂದು ಕೊಂಡಿ ಕಳಚಿದರೂ ಇಡೀ ವ್ಯವಸ್ಥೆ ಮೂಕವಾಗುತ್ತದೆ. ಪೋರ್ಷೆ 911ರಲ್ಲಿ ಈ ಪದ್ಧತಿ ಬಂದದ್ದು 2003ರ ಮಾದರಿಯಿಂದ. ಆದ್ದರಿಂದ 2001ರ ಕಾರಿಗೆ ಒಗ್ಗಿದ ಉಪಾಯ 2004ರ ಕಾರಿಗೆ ಒಗ್ಗದು. ಮಾರುಕಟ್ಟೆಯ ಸ್ಟೀರಿಯೊ ಕೂರಿಸಬೇಕಾದರೆ ಬೆಳಕಿನ ಸಂಕೇತ ನೀಡುವ ಅಡಾಪ್ಟರ್ ಬೇಕು, ಇಲ್ಲವೇ ಆಂಪ್ಲಿಫೈಯರನ್ನೂ ಬದಲಿಸಬೇಕು. ಫೈಬರನ್ನು 25 ಮಿಲಿಮೀಟರ್‌ಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸುವಂತಿಲ್ಲ.

ಈ ಗೊಂದಲವನ್ನು ಅರಿತ ಪೋರ್ಷೆ ಸಂಸ್ಥೆಯೇ 2020ರಲ್ಲಿ ತನ್ನ ಹಳೆಯ ಕಾರುಗಳಿಗೆಂದು ಹೊಸ ಸ್ಟೀರಿಯೊ ಬಿಡುಗಡೆ ಮಾಡಿತು. 7 ಇಂಚಿನ ಟಚ್ ಸ್ಕ್ರೀನ್ ಹೊಂದಿದ ‘ಪಿ.ಸಿ.ಸಿ.ಎಂ. ಪ್ಲಸ್’ 986 ಹಾಗೂ 996 ಮಾದರಿಗಳ ಮೂಲ ಜಾಗದಲ್ಲಿ ಕೂರುತ್ತದೆ. ಗುಂಡಿಗಳ ವಿನ್ಯಾಸವೂ ಹಳೆಯದನ್ನೇ ಹೋಲುತ್ತದೆ. ಜರ್ಮನಿಯಲ್ಲಿ ಅಂದಿನ ಬೆಲೆ ಸುಮಾರು 1,600 ಯೂರೊ. ಅಗ್ಗವೇನಲ್ಲ. ಆದರೆ ತಂತಿ ಕತ್ತರಿಸದೆ ಹಾಕಿ, ಬೇಕೆಂದಾಗ ತೆಗೆಯಬಹುದು ಎಂಬುದು ಮುಖ್ಯ.

ದಾರಿ ತಪ್ಪುವ ದಾರಿದೀಪ

ಹಳೆಯ ನ್ಯಾವಿಗೇಷನ್‌ನ ದೋಷ ಹಳೆಯ ನಕ್ಷೆಯೊಂದೇ ಅಲ್ಲ. ಜಿ.ಪಿ.ಎಸ್. ಉಪಗ್ರಹಗಳು ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತವೆ. 2019ರ ಏಪ್ರಿಲ್ 6ರಂದು ಎರಡನೆಯ ಬಾರಿ ಹೀಗಾಯಿತು. ಅದಕ್ಕೆ ಸಿದ್ಧವಾಗಿರದ ರಿಸೀವರ್‌ಗಳು ದಿನಾಂಕವನ್ನು ಸುಮಾರು 20 ವರ್ಷ ಹಿಂದಕ್ಕೆ ತೋರಿಸತೊಡಗಿದವು. ಹಾಗೆಂದು ಹಳೆಯದನ್ನು ಪೂರ್ತಿ ಹೀಗಳೆಯುವಂತೆಯೂ ಇಲ್ಲ. ನಾಗರಿಕ ಬಳಕೆಯ ಜಿ.ಪಿ.ಎಸ್. ಸಂಕೇತವನ್ನು ಅಮೆರಿಕ 2000ದ ಮೇ ತಿಂಗಳವರೆಗೆ ಉದ್ದೇಶಪೂರ್ವಕವಾಗಿ ಮಸುಕುಗೊಳಿಸುತ್ತಿತ್ತು. ಅದನ್ನು ಸರಿದೂಗಿಸಲು ಕಂಪನಿಗಳು ಚಕ್ರದ ವೇಗವನ್ನೂ ತಿರುವುಗಳನ್ನೂ ಲೆಕ್ಕ ಹಾಕುವ ವ್ಯವಸ್ಥೆ ನೀಡಿದ್ದವು. ಸುರಂಗದೊಳಗೂ ದಾರಿ ತಪ್ಪದಿರುವುದು ಇದರ ಗುಣ. ವಿಂಡ್‌ಸ್ಕ್ರೀನಿಗೆ ಅಂಟಿಸಿದ ಫೋನಿಗೆ ಈ ನೆರವಿಲ್ಲ. ಮೇಲಾಗಿ ಐಫೋನ್ ಬಳಕೆಗೆ ಆಪಲ್ ಸೂಚಿಸಿರುವ ಗರಿಷ್ಠ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್; ಟಾಪ್ ತೆರೆದ ಕಾರಿನಲ್ಲಿ ನೇರ ಬಿಸಿಲಿಗೆ ಒಡ್ಡಿದ ಫೋನ್ ಕಾದು ಕೈಕೊಡುವುದು ಸಹಜ.

ಗಾಳಿಯೊಡನೆ ಸ್ಪರ್ಧೆ

ಟಾಪ್ ತೆರೆದೊಡನೆ ಸಂಗೀತ ಸಪ್ಪೆಯಾಗುವುದೇಕೆ? ಮುಚ್ಚಿದ ಕಾರಿನ ಪುಟ್ಟ ಕೋಣೆ ಬೇಸ್ ಧ್ವನಿಯನ್ನು ತಾನಾಗಿಯೇ ಹೆಚ್ಚಿಸುತ್ತದೆ. ತೆರೆದಾಗ ಆ ಲಾಭ ತಪ್ಪುತ್ತದೆ. ಜೊತೆಗೆ ಗಾಳಿಯ ಭೋರ್ಗರೆತದ ಹೆಚ್ಚಿನ ಅಂಶ ಕೆಳಸ್ಥಾಯಿಯದೇ ಆದುದರಿಂದ ಮೊದಲು ಮುಳುಗಿಹೋಗುವುದೂ ಬೇಸ್. ಹೆಚ್ಚು ವ್ಯಾಟ್‌ನ ಆಂಪ್ಲಿಫೈಯರ್ ಹಾಕಿಸುವುದು ಎಲ್ಲರ ಮೊದಲ ಆಲೋಚನೆ. ಆದರೆ ವ್ಯಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಹತ್ತು ಪಟ್ಟು ವ್ಯಾಟ್ ಬೇಕು.

ಕಿವಿಯ ಆರೋಗ್ಯವೂ ಇಲ್ಲಿ ಪಣಕ್ಕಿದೆ. ಟಾಪ್ ತೆರೆದ ಕನ್ವರ್ಟಿಬಲ್‌ಗಳಲ್ಲಿ ಗಂಟೆಗೆ 88 ಕಿ.ಮೀ. ಮೀರಿದ ವೇಗದಲ್ಲಿ ಚಾಲಕರ ಕಿವಿಗೆ ಬೀಳುವ ಸದ್ದು 85 ಡೆಸಿಬಲ್ ದಾಟಬಹುದೆಂದು ಅಮೆರಿಕದ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ದಿನಕ್ಕೆ 8 ಗಂಟೆಯ ಕೆಲಸಕ್ಕೆ ಅಲ್ಲಿನ ತಜ್ಞ ಸಂಸ್ಥೆ ಹಾಕಿರುವ ಮಿತಿಯೂ 85 ಡೆಸಿಬಲ್. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ನಲ್ಲಿ ಉಳಿಯುವುದು ಕೇವಲ 15 ನಿಮಿಷ. ಗಾಜು ಏರಿಸಿಕೊಂಡರೆ ಸದ್ದು ತಗ್ಗುತ್ತದೆ ಎಂಬುದನ್ನೂ ಅದೇ ಅಧ್ಯಯನ ಕಂಡುಕೊಂಡಿತು. ಖರ್ಚೇ ಇಲ್ಲದ ಆಡಿಯೊ ಸುಧಾರಣೆ ಎಂದರೆ ಇದೇ ಇರಬೇಕು.

ಧ್ವನಿಯನ್ನು ಕಿವಿಯ ಬಳಿಗೆ ತರುವುದು ಜಾಣತನದ ಮಾರ್ಗ. 2015ರ ಮಾಜ್ದಾ ಎಂ.ಎಕ್ಸ್-5 ಕಾರಿನ ಬೋಸ್ ವ್ಯವಸ್ಥೆಯಲ್ಲಿ ಸ್ಪೀಕರ್‌ಗಳು ಹೆಡ್‌ರೆಸ್ಟ್‌ನಲ್ಲಿಯೇ ಇವೆ. 2012ರ ಮರ್ಸಿಡಿಸ್ ಎಸ್.ಎಲ್. ತನ್ನ ಬೇಸ್ ಸ್ಪೀಕರ್‌ಗಳನ್ನು ಕಾಲಿಡುವ ಜಾಗದ ಮುಂದಕ್ಕೆ ಸರಿಸಿತು. ಹಳೆಯ ಕಾರಿನಲ್ಲಿ ಇವೆರಡೂ ಕಷ್ಟ. ಅಲ್ಲಿ ಬಾಗಿಲಿನ ಸ್ಪೀಕರ್ ಬದಲಿಸಿ, ಒಳಗೆ ಕಂಪನ ತಡೆಯುವ ಹಾಳೆ ಅಂಟಿಸಿದರೆ ಸಾಕಷ್ಟು ಫಲ ದೊರೆಯುತ್ತದೆ.

ಆದರೆ ಬಾಗಿಲು ಬಿಚ್ಚುವವರು ಎರಡು ಸಂಗತಿ ನೆನಪಿಡಬೇಕು. ಒಳಗಿನ ನೀರು ತಡೆಯುವ ಪದರವನ್ನು ಮೊದಲಿನಂತೆ ಅಂಟಿಸದಿದ್ದರೆ ಮಳೆನೀರು ಮತ್ತೆ ಅದೇ ಕಾರ್ಪೆಟ್‌ಗೆ ಇಳಿಯುತ್ತದೆ. ಇನ್ನೂ ಗಂಭೀರವಾದುದು, ಈ ಪೋರ್ಷೆಗಳಲ್ಲಿ ಪಕ್ಕದ ಏರ್‌ಬ್ಯಾಗ್ ಅಳವಡಿಸಿರುವುದು ಬಾಗಿಲಿನಲ್ಲಿಯೇ. ದೊಡ್ಡ ಸ್ಪೀಕರ್‌ಗಾಗಿ ಪ್ಯಾನೆಲ್ ಕೊರೆಯುವುದು, ಅದಕ್ಕೆ ದಪ್ಪ ಚರ್ಮ ಹೊಲಿಸುವುದು ಜೀವರಕ್ಷಕ ಸಾಧನಕ್ಕೇ ಅಡ್ಡಿಯಾದೀತು. ಸೀಟಿನಲ್ಲಿ ಏರ್‌ಬ್ಯಾಗ್ ಇರುವ ಇತರ ಕಾರುಗಳಿಗೆ ಹೊಸ ಕವರ್ ಹೊಲಿಸುವಾಗಲೂ ಇದೇ ಮಾತು.

ಚರ್ಮದ ಆಯ್ಕೆಯಲ್ಲಿ ಬಣ್ಣಕ್ಕಿಂತ ಬಿಸಿಲು ತಾಳುವ ಗುಣ ಮುಖ್ಯ. ಬಿ.ಎಂ.ಡಬ್ಲ್ಯೂ ತನ್ನ 2007ರ 3 ಸರಣಿಯ ಕನ್ವರ್ಟಿಬಲ್‌ಗೆ ಸೂರ್ಯನ ಶಾಖವನ್ನು ಪ್ರತಿಫಲಿಸುವ ವಿಶೇಷ ಚರ್ಮ ನೀಡಿದ್ದು ಈ ಕಾರಣಕ್ಕೇ. ಇನ್ನು ಕಾರಿನಿಂದ ತೆಗೆದ ಮೂಲ ಸ್ಟೀರಿಯೊ, ಅದರ ಕೋಡ್ ಬರೆದ ಕಾರ್ಡ್ ಹಾಗೂ ಕಳಚಿದ ಪ್ಯಾನೆಲ್‌ಗಳನ್ನು ಒಂದು ಪೆಟ್ಟಿಗೆಯಲ್ಲಿ ತೆಗೆದಿರಿಸುವುದು ಒಳಿತು. ಕೋಡ್ ಇಲ್ಲದೆ ಹಳೆಯ ಸ್ಟೀರಿಯೊ ಮರಳಿ ಹಾಡುವುದಿಲ್ಲ. ಕಾರು ಕೊಳ್ಳಲು ಬಂದವರು ಮೊದಲು ವಿಚಾರಿಸುವುದು ಆ ಪೆಟ್ಟಿಗೆಯನ್ನೇ ಇರಬಹುದು.